ಪಕ್ಕದ ಮನೆ ಮಿಸ್ಸಿನ ಲೇತು

ಮಿಸ್ಸು ತೀರಿಕೊಂಡ ದಿನ ಬಂದವರೆಲ್ಲ ನಮ್ಮನೆಯವರ ಕೈ ಹಿಡಿದುಕೊಂಡು ಸಮಾಧಾನ ಹೇಳಿದರು. ಸತ್ತವರು ಪಕ್ಕದ ಮನೆಯವರು. ರಕ್ತಸಂಬಂಧ ಅಂತ ಅವರಿಗೆ ಇದ್ದದ್ದು ತಂಗಿಯ ಮಗ ಒಬ್ಬ. ಅವನು ತಿಪಟೂರಿನಿಂದ ಬರುವ ಬಸ್ಸಿನಲ್ಲಿ ಇನ್ನೂ ಕೂತಿದ್ದ. ಬಂದವರು ನಾಲ್ಕು ಒಳ್ಳೆ ಮಾತನ್ನು ಯಾರಿಗಾದರೂ ಹೇಳಬೇಕಲ್ಲ, ನಮ್ಮನೆಯವರಿಗೆ ಹೇಳಿದರು. ಇವರೂ ಮಿಸ್ಸಿನ ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಬಲಗೈಯಲ್ಲಿ ಟವೆಲ್ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಕಾಫಿ ಮಾಡುತ್ತಿದ್ದೆ. ಕಿಟಕಿಯಿಂದ ಆ ಬಲಗೈ ಕಾಣುತ್ತಿತ್ತು. ಅದು ಮತ್ತೆ ಕೈಯಾಗುವಂತೆ ಮಾಡಿದವರು ಒಳಗೆ ಚಾಪೆಯ ಮೇಲೆ ಮಲಗಿದ್ದರು. ನನಗೆ ಅಳು ಬರುವ ಮೊದಲು ಹೊಟ್ಟೆಕಿಚ್ಚು ಬಂತು. ಬಂದದ್ದನ್ನು ಬಂದ ಹಾಗೇ ಬರೆಯುತ್ತಿದ್ದೇನೆ.

ಮಿಸ್ಸು ನಮ್ಮೂರು ಅರಸೀಕೆರೆಯಲ್ಲೇ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಹುಟ್ಟಿದ್ದು ಹಳೇಬೀಡಿನ ಹತ್ತಿರದ ಮಾದಿಹಳ್ಳಿ. ಬೀದಿಗೆಲ್ಲ ಅವರು ಮಿಸ್ಸು. ಅವರ ಹತ್ತಿರ ಓದಿದವರ ಮಕ್ಕಳಿಗೂ ಮಿಸ್ಸು, ಅವರ ಹತ್ತಿರ ಒಂದಕ್ಷರ ಓದದ ನಮ್ಮಂಥವರಿಗೂ ಮಿಸ್ಸು. ಮದುವೆ ಆಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೆದಕಿದರೆ, "ಯಾರೂ ಸರಿಯಾಗಿ ಕೇಳಲಿಲ್ಲ ಕಣ್ರೀ" ಅನ್ನುತ್ತಿದ್ದರು. ಅದು ತಮಾಷೆಯೋ ನಿಜವೋ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಎತ್ತರದ ಹೆಂಗಸು. ನಡೆಯುವಾಗ ಎಡಗೈ ಬೆನ್ನ ಹಿಂದೆ ಕಟ್ಟಿಕೊಳ್ಳುವುದು ಅಭ್ಯಾಸ, ಪರೀಕ್ಷೆಯ ಕೋಣೆಯಲ್ಲಿ ಬೆಂಚುಗಳ ನಡುವೆ ಓಡಾಡಿ ಬಂದದ್ದಿರಬೇಕು. ಬೀದಿಯಲ್ಲೂ ಹಾಗೇ ನಡೆಯುತ್ತಿದ್ದರು, ಎರಡೂ ಬದಿಯ ಮನೆಗಳನ್ನು ನೋಡಿಕೊಂಡು, ಯಾರೋ ಕಾಪಿ ಹೊಡೆಯುತ್ತಿದ್ದಾರೆ ಅನ್ನುವ ಹಾಗೆ.

ರಿಟೈರಾದ ಮೇಲೆ ಒಂದು ದಿನ ಅವರ ಮನೆ ಮುಂದೆ ಗೂಡ್ಸ್ ಆಟೋ ನಿಂತಿತು. ಗೋಣಿತಾಟು ಸುತ್ತಿದ ಭಾರದ ವಸ್ತುವೊಂದನ್ನು ನಾಲ್ಕು ಜನ ಹಿತ್ತಲಿಗೆ ಹೊತ್ತರು. ನಾನು ಕಾಂಪೌಂಡಿನ ಈಚೆ ಬಟ್ಟೆ ಒಣಗಿಸುತ್ತಿದ್ದೆ.

"ಏನ್ ಮಿಸ್, ಹಿಟ್ಟಿನ ಗಿರಣಿ ಹಾಕ್ತೀರಾ?" ಅಂತ ಕೇಳಿದೆ.

"ಲೇತ್ ಕಣ್ರೀ. ಮರ ಕಡೆಯೋ ಯಂತ್ರ. ಸೆಕೆಂಡ್ ಹ್ಯಾಂಡು."

ಆಮೇಲೆ ಒಂದು ದಿನ ಅದನ್ನು ಓಡಿಸಿ ತೋರಿಸಿದರು. ಒಂದು ತುದಿಯಲ್ಲಿ ಮೋಟರು. ಅದರಿಂದ ಒಂದು ಬೆಲ್ಟು ಮೇಲಿನ ರಾಟೆಗೆ. ರಾಟೆ ತಿರುಗಿದರೆ ಅದರ ಜೊತೆ ಮರದ ತುಂಡೂ ಗಿರಗಿರ ತಿರುಗುತ್ತದೆ. ಉಳಿ ಹಿಡಿದರೆ ಸೌತೆಕಾಯಿ ಸಿಪ್ಪೆಯ ಹಾಗೆ ಮರ ಸುರುಳಿ ಸುರುಳಿ ಹಾರಿ ಬೀಳುತ್ತದೆ. ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಶರ್ಟು ತೊಟ್ಟು, ಸೆರಗನ್ನು ಅದರೊಳಗೆ ತೂರಿಸಿ, ತೋಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಅವರು ಆ ಯಂತ್ರದ ಮುಂದೆ ನಿಲ್ಲುತ್ತಿದ್ದರು. ತುರುಬಿನಲ್ಲಿ ಯಾವಾಗಲೂ ಮರದ ಸುರುಳಿ.

"ಸರ್ವೀಸೆಲ್ಲಾ ಶಂಕುವಿನ ಘನಫಲ, ಸಿಲಿಂಡರಿನ ಘನಫಲ ಅಂತ ಬೋರ್ಡಿನ ಮೇಲೆ ಬರೆದೆ," ಅಂದರು. "ಒಂದನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ನಾನು ಓದುವಾಗ ಹುಡುಗರಿಗೆ ಮರಗೆಲಸ, ಹುಡುಗೀರಿಗೆ ಹೊಲಿಗೆ. ಹೊಲಿಗೆ ಕ್ಲಾಸಿನ ಕಿಟಕೀಲಿ ಮರಗೆಲಸದ ಶೆಡ್ಡು ಕಾಣೋದು. ಅಷ್ಟೇ ನೋಡಿದ್ದು."

ಆಗ ನನಗೆ ಅವರ ಬಗ್ಗೆ ಕಿಚ್ಚೇನೂ ಇರಲಿಲ್ಲ. ಒಂದಿಷ್ಟು ಕನಿಕರ ಇತ್ತು. ನನಗೆ ಗಂಡ, ಮಗಳು, ಮನೆ, ಕೊಬ್ಬರಿ ಮಂಡಿ. ಅವರಿಗೆ ಒಂದು ಯಂತ್ರ.

ಆ ಕನಿಕರ ಹೆಚ್ಚು ಕಾಲ ಉಳಿಯಲಿಲ್ಲ. ನಮ್ಮನೆಯವರಿಗೆ ಮಂಡಿಯಲ್ಲೇ ಲಕ್ವ ಹೊಡೆಯಿತು. ಕಣಕಟ್ಟೆಯ ತೋಟದವರೊಬ್ಬರ ಕೊಬ್ಬರಿ ಇಳಿಸಿಕೊಳ್ಳುತ್ತಾ ನಿಂತವರು ಮಾತಿನ ಮಧ್ಯೆ ಕುಸಿದರಂತೆ. ಬಾಯಿ ಬೇಗ ಸರಿಹೋಯಿತು. ಕಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ ಮಡಚಿಕೊಂಡು ಎದೆಗೆ ಒತ್ತಿಕೊಂಡೇ ಉಳಿಯಿತು. ಮಂಡಿಯ ವ್ಯವಹಾರ ಮೈದುನ ನೋಡಿಕೊಂಡ. ಬೆರಳು ಬಿಡಿಸಲಿ ಅಂತ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ದಿನಾ ಅದನ್ನು ಅಮುಕಬೇಕು. ಇವರು ಅದನ್ನು ತೆಂಗಿನಮರದ ಬುಡಕ್ಕೆ ಎಸೆದರು, ಎಡಗೈಯಲ್ಲಿ. ನಾನು ಹೋಗಿ ಎತ್ತಿಕೊಂಡು ಬಂದೆ. ಮತ್ತೆ ಎಸೆದರು.

ಆ ವರ್ಷ ಪೂರ್ತಿ ನಾನು ಅವರ ಕೈಯಾಗಿದ್ದೆ. ಅನ್ನ ಕಲಸಿ ಕೊಟ್ಟೆ, ಸ್ನಾನ ಮಾಡಿಸಿದೆ, ವಿಭೂತಿ ಹಚ್ಚಿದೆ, ಗುಂಡಿ ಹಾಕಿದೆ. ಅವರು ಮುಖ ಗೋಡೆಗೆ ತಿರುಗಿಸಿಕೊಂಡು ಮಾಡಿಸಿಕೊಂಡರು. ಒಂದು ಮಾತು ಇಲ್ಲ. ಕೇಳಿದರೆ ಬೇಕು, ಇಲ್ಲ ಬೇಡ, ಅಷ್ಟೇ. ನಾನು ಅವರ ಎದುರಿಗೆ ನಗುತ್ತಾ ಇರಬೇಕು ಅಂತ ಡಾಕ್ಟರು ಹೇಳಿದ್ದರಿಂದ ನಗುತ್ತಾ ಇದ್ದೆ. ಅದು ಅವರಿಗೆ ಇನ್ನೂ ಕೋಪ ತರಿಸುತ್ತಿತ್ತು.

ಒಂದು ಮಧ್ಯಾಹ್ನ ಕಾಂಪೌಂಡಿನ ಆಚೆಯಿಂದ ಮಿಸ್ಸು ಕೂಗಿದರು. "ರೀ ಸಾಹುಕಾರ್ರೇ, ಸುಮ್ನೆ ಕೂತಿದ್ರೆ ಇಲ್ಲಿ ಬನ್ನಿ. ಒಂದು ತುದಿ ಹಿಡ್ಕೋಬೇಕು."

"ನನ್ ಕೈಲಿ ಆಗಾಕಿಲ್ಲ ಮಿಸ್," ಅಂದರು ಇವರು.

"ಎಡಗೈ ಐತಲ್ಲ? ಬನ್ನಿ."

ನಮ್ಮ ಮನೆಯಲ್ಲಿ ಯಾರೂ ಇವರ ಹತ್ತಿರ ಹಾಗೆ ಮಾತಾಡುತ್ತಿರಲಿಲ್ಲ. ಬೈದುಬಿಡುತ್ತಾರೆ ಅಂದುಕೊಂಡೆ. ಇವರು ಎದ್ದು, ಕಾಲೆಳೆದುಕೊಂಡು, ಗೇಟು ದಾಟಿ ಹೋದರು. ಸಂಜೆ ಬಂದಾಗ ಶರ್ಟಿನ ಜೇಬಿನಲ್ಲಿ ಮರದ ಹೊಟ್ಟು ಇತ್ತು. ಮರುದಿನ ಊಟ ಮುಗಿದ ಕೂಡಲೇ ಗೇಟಿನ ಕಡೆ ನೋಡತೊಡಗಿದರು.

ಅಲ್ಲಿಂದ ಅದು ದಿನಚರಿಯಾಯಿತು. ನನ್ನ ಹೊಟ್ಟೆಕಿಚ್ಚಿನ ದಿನಚರಿಯೂ ಅಲ್ಲಿಂದಲೇ. ಮಾತು ಬಿಟ್ಟಿದ್ದ ಮನುಷ್ಯ ಊಟಕ್ಕೆ ಕೂತರೆ ಮಾತೇ ಮಾತು. ಆದರೆ ಎಲ್ಲದರ ಕೊನೆಗೂ "ಮಿಸ್ಸು ಹಂಗಂದ್ರು". ಹಲಸಿನ ಮರ ಹೀಗೆ, ಮಿಸ್ಸು ಹಂಗಂದ್ರು. ಬೀಟೆ ಮರ ಹಾಗೆ, ಮಿಸ್ಸು ಹಂಗಂದ್ರು. ಒಂದು ದಿನ ಸಾರಿಗೆ ಉಪ್ಪು ಕಮ್ಮಿ ಅಂದರು. "ಅದನ್ನೂ ಮಿಸ್ಸೇ ಅಂದ್ರಾ?" ಅಂತ ಕೇಳಿದೆ. ಅವರಿಗೆ ಅರ್ಥ ಆಗಲಿಲ್ಲ. "ಇಲ್ಲ, ನಾನೇ ಅಂದಿದ್ದು," ಅಂದರು.

ನಾನು ಕಾಫಿ ಕೊಡುವ ನೆಪ ಮಾಡಿಕೊಂಡು ಹೋಗಿ ನೋಡುತ್ತಿದ್ದೆ. ನೋಡಬಾರದ್ದು ಏನೂ ಅಲ್ಲಿ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಮಿಸ್ಸು ಉಳಿ ಹಿಡಿದಿರುತ್ತಿದ್ದರು, ಇವರು ಸ್ಟೂಲಿನ ಮೇಲೆ ಕೂತು ಮರಳುಕಾಗದ ಉಜ್ಜುತ್ತಿರುತ್ತಿದ್ದರು. ಇವರು ಏನಾದರೂ ಕೆಡಿಸಿ "ತಪ್ಪಾಯ್ತು ಮಿಸ್" ಅಂದರೆ, ಅವರು ತಲೆಯೆತ್ತದೆ, "ತಪ್ಪಾಯ್ತು ಅನ್ನಬೇಡಿ. ಎಲ್ಲಿ ತಪ್ಪಾಯ್ತು ಹೇಳಿ," ಅನ್ನುತ್ತಿದ್ದರು. ಇವರು ಕೆಟ್ಟ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇಲ್ಲಿ" ಅನ್ನುತ್ತಿದ್ದರು. ಆಗ ಆ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನಾನು ಮಂಡಿಯ ಒಳ್ಳೆಯ ದಿನಗಳಲ್ಲೂ ಅಪರೂಪಕ್ಕೆ ಕಂಡಿದ್ದೆ. ನನಗೆ ಉಪಚಾರ ಮಾಡಿಸಿಕೊಳ್ಳುವ ಗಂಡ ಸಿಕ್ಕಿದ್ದ. ಅವರಿಗೆ ಪೂರ್ತಿ ಮನುಷ್ಯ ಸಿಕ್ಕಿದ್ದ.

ಇನ್ನು ಬೆಲ್ಟಿನ ವಿಷಯ ಹೇಳಬೇಕು.

ಆ ಲೇತಿನ ಬೆಲ್ಟು ಹಳೆಯದು. ಕೆಲವು ದಿನ ಕಿರುಗುಟ್ಟಿತು, ಆಮೇಲೆ ಜಾರತೊಡಗಿತು, ಒಂದು ದಿನ ಕಿತ್ತುಹೋಯಿತು. ಬೇರೆ ತಂದು ಹಾಕಿದರಾಯಿತು ಅಂತ ನಾನು ಅಂದುಕೊಂಡಿದ್ದೆ. ನಮ್ಮೂರಿನ ಅಂಗಡಿಗಳಲ್ಲಿ ಹಿಟ್ಟಿನ ಗಿರಣಿಯ ಬೆಲ್ಟು ಇತ್ತು, ಪಂಪ್‌ಸೆಟ್ಟಿನದು ಇತ್ತು, ಇಷ್ಟು ಚಿಕ್ಕದು ಇರಲಿಲ್ಲ. ಬಂದು ನೋಡಿದ ಮೆಕ್ಯಾನಿಕ್ಕು, "ಉದ್ದದ್ದು ತಂದು ಕತ್ತರಿಸಿ ಜೋಡಿಸಿಬಿಡ್ತೀನಿ ಮಿಸ್, ಐದ್ ನಿಮಿಷ," ಅಂದ. ಮಿಸ್ಸು ಬೇಡ ಅಂದರು. ಜೋಡಿಸಿದ ಬೆಲ್ಟು ಪ್ರತಿ ಸುತ್ತಿಗೂ ಒಂದು ಸಲ ಟಕ್ ಅನ್ನುತ್ತದೆ, ಆ ಟಕ್ಕು ಮರದ ಮೇಲೆ ಬರೆಯಾಗಿ ಕೂರುತ್ತದೆ ಅಂತ. ಬೇಲೂರಿನಲ್ಲಿ ಕಾಫಿ ಹಣ್ಣು ಸುಲಿಯುವ ಯಂತ್ರಗಳ ಬಿಡಿಭಾಗ ಮಾರುವ ಒಂದು ಅಂಗಡಿ ಅವರಿಗೆ ಗೊತ್ತಿತ್ತು. ಅಲ್ಲಿ ಸಿಗಬಹುದು ಅಂದರು.

"ನಾಳೆ ನಾನೂ ಮಿಸ್ಸೂ ಬೇಲೂರಿಗೆ ಹೋಗಿಬತ್ತೀವಿ," ಅಂದರು ನಮ್ಮನೆಯವರು, ಊಟಕ್ಕೆ ಕೂತಾಗ. ಲಕ್ವ ಹೊಡೆದ ಮೇಲೆ ಅವರು ಬಸ್ಸು ಹತ್ತಿರಲಿಲ್ಲ. ಮಗಳ ಮನೆಗೆ ಹೋಗೋಣ ಅಂತ ನಾನು ಎಷ್ಟೋ ಸಲ ಕರೆದಿದ್ದೆ, ಆಗಾಕಿಲ್ಲ ಅಂದಿದ್ದರು.

"ನಾನೂ ಬರ್ತೀನಿ," ಅಂದೆ.

"ನೀನ್ಯಾಕೆ? ಬೆಲ್ಟ್ ತರೋಕೆ?"

"ಚೆನ್ನಕೇಶವನ್ನ ನೋಡೋಕೆ," ಅಂದೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಚೆನ್ನಕೇಶವನನ್ನು ನೋಡುವ ಆತುರ ನನಗೆ ಹಿಂದೆಂದೂ ಬಂದಿರಲಿಲ್ಲ. ಅವರು ನನ್ನ ಮುಖ ನೋಡಿ ಊಟ ಮುಂದುವರಿಸಿದರು.

ಬಸ್ಸಿನಲ್ಲಿ ಮಿಸ್ಸು ಕಿಟಕಿಗೆ ಕೂತರು. ನಾನು ಮಧ್ಯೆ ಕೂತೆ, ಬೇಕೆಂದೇ. ಅವರಿಬ್ಬರೂ ಹಳೇಬೀಡು ಬರುವವರೆಗೆ ನನ್ನ ತಲೆಯ ಮುಂದಿಂದ ಒಮ್ಮೆ, ಹಿಂದಿಂದ ಒಮ್ಮೆ ಬೆಲ್ಟಿನ ಅಗಲದ ಬಗ್ಗೆ ಮಾತಾಡಿಕೊಂಡರು. ಬೇಲೂರಿನ ಅಂಗಡಿಯವನು ಕಿತ್ತುಹೋದ ಬೆಲ್ಟನ್ನು ನೋಡಿ, ಅಟ್ಟದ ಮೇಲಿಂದ ಒಂದಷ್ಟನ್ನು ಇಳಿಸಿ ಹರವಿದ. ಮಿಸ್ಸು ಒಂದೊಂದನ್ನೂ ಬೆರಳಿನಿಂದ ಮಡಚಿ ನೋಡಿದರು. ಒಂದು ಹಿಡಿಸಿತು. ಅದನ್ನು ಬಳೆಯ ಹಾಗೆ ತೋಳಿಗೆ ಹಾಕಿಕೊಂಡು ಹೊರಟರು. ಬ್ಯಾಗಿಗೆ ಹಾಕಿಕೊಳ್ಳಿ ಅಂದರೆ, ಮಡಚಬಾರದು ಅಂದರು. ಚೆನ್ನಕೇಶವನ ಮುಂದೆಯೂ ಬೆಲ್ಟು ತೋಳಲ್ಲೇ ಇತ್ತು.

ಬರುವಾಗ ಹಳೇಬೀಡಿನಲ್ಲಿ ಇಳಿದೆವು. ಇಳಿಯೋಣ ಅಂದದ್ದು ಮಿಸ್ಸು. ಅಲ್ಲಿನ ಕಂಬಗಳನ್ನು ಇವರಿಗೆ ತೋರಿಸಬೇಕಿತ್ತಂತೆ. ಗುಡಿಯೊಳಗೆ ಒಂದು ಕಂಬದ ಹತ್ತಿರ ನಿಂತು, "ಇಲ್ಲಿ ನೋಡಿ, ಸುತ್ತಲೂ ಗೆರೆ. ಎಷ್ಟು ಸಮ ಇದೆ ನೋಡಿ," ಅಂದರು. "ಕಲ್ಲನ್ನ ನಿಲ್ಲಿಸಿ ತಿರುಗಿಸಿ ಕಡೆದಿದ್ದಾರೆ ಅಂತಾರೆ. ಮೋಟರ್ ಇಲ್ಲ, ಬೆಲ್ಟ್ ಇಲ್ಲ. ಹಗ್ಗ ಸುತ್ತಿ ಜನ ಎಳೆದಿರಬೇಕು. ಒಬ್ಬ ಎಳೆಯೋದು ನಿಲ್ಲಿಸಿದ್ರೂ ಗೆರೆ ತಪ್ಪೋದು."

ಇವರು ಕಂಬದ ಸುತ್ತ ಒಂದು ಸುತ್ತು ಬಂದರು. ಕತ್ತು ವಾಲಿಸಿ, ಕಣ್ಣು ಕಿರಿದು ಮಾಡಿ, ಮತ್ತೊಂದು ಸುತ್ತು ಬಂದರು. "ಎಲ್ಲೂ ತಪ್ಪಿಲ್ಲ ಮಿಸ್," ಅಂದರು.

ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಅದೇ ಗುಡಿಗೆ ಬಂದಿದ್ದೆವು. ನಾನು ಹಸಿರು ಸೀರೆ ಉಟ್ಟಿದ್ದೆ. ಒಂದೊಂದು ಶಿಲ್ಪದ ಮುಂದೆಯೂ ನಿಲ್ಲುತ್ತಿದ್ದೆ. ಅವತ್ತು ಇವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಇಲ್ಲಿ ಟೀ ಎಲ್ಲಿ ಸಿಗುತ್ತೆ ಅಂತ. ಆ ಕಂಬಗಳು ಅವತ್ತೂ ಅಲ್ಲೇ ಇದ್ದವು.

"ಟೀ ಕುಡಿಯೋಣವಾ?" ಅಂತ ಕೇಳಿದೆ.

"ತಡಿಯೇ, ಇನ್ನೊಂದು ಕಂಬ ಐತೆ," ಅಂದರು.

ಮರುದಿನ ಬೆಲ್ಟು ಹಾಕುವ ಕೆಲಸ. ಊಟದ ಹೊತ್ತು ಮೀರಿದರೂ ಇವರು ಬರಲಿಲ್ಲ ಅಂತ ಕರೆಯಲು ಹೋದೆ. ಮಿಸ್ಸಿನ ಹಿತ್ತಲ ಶೆಡ್ಡಿನಲ್ಲಿ ಯಂತ್ರ ಅರ್ಧ ಬಿಚ್ಚಿಕೊಂಡಿತ್ತು. ಆ ಬೆಲ್ಟು ಬಳೆಯ ಹಾಗೆ ಜೋಡಣೆ ಇಲ್ಲದ್ದು. ಮೇಲಿನ ರಾಟೆಯೋ ಎರಡೂ ಕಡೆ ಬೇರಿಂಗುಗಳ ಮಧ್ಯೆ ಸಿಕ್ಕಿಕೊಂಡಿದೆ. ಅದಕ್ಕೆ ಬೆಲ್ಟು ತೊಡಿಸಬೇಕಾದರೆ ರಾಟೆಯ ನಡುವಿನ ಉಕ್ಕಿನ ದಂಡವನ್ನೇ ಹೊರಗೆಳೆಯಬೇಕು. ದಂಡ ಹೊರಗೆ ಬಂದಾಗ ರಾಟೆಗೆ ಆಧಾರ ಇರುವುದಿಲ್ಲ. ಬಿದ್ದರೆ ಎರಕದ ಕಬ್ಬಿಣ, ಒಡೆಯುತ್ತದೆ. ಒಡೆದರೆ ಅಂಥ ಹಳೇ ಯಂತ್ರಕ್ಕೆ ಬೇರೆ ರಾಟೆ ಸಿಗುವುದಿಲ್ಲ. ಇದನ್ನೆಲ್ಲ ಮಿಸ್ಸು ನನಗೆ ಹೇಳಿದ್ದು ಒಂದೇ ಉಸಿರಿನಲ್ಲಿ. ಹೇಳಿ, "ಒಳ್ಳೇ ಹೊತ್ತಿಗೆ ಬಂದ್ರಿ. ಟಾರ್ಚ್ ಹಿಡೀರಿ," ಅಂದರು.

ನಾನು ಟಾರ್ಚ್ ಹಿಡಿದೆ.

ಎಡಗಡೆ ಮೋಟರು ಅಡ್ಡ ಇತ್ತು. ರಾಟೆಯ ಕೆಳಗೆ ಕೈಕೊಡಬೇಕಾದರೆ ಬಲಗಡೆಯಿಂದಲೇ, ಬಲಗೈಯೇ. ಮಿಸ್ಸು ಮರದ ಸುತ್ತಿಗೆ ಹಿಡಿದು ಆ ತುದಿಗೆ ಹೋದರು. "ಸಾಹುಕಾರ್ರೇ, ಬಲಗೈ ಕೊಡಿ ಕೆಳಗೆ," ಅಂದರು.

"ಮಿಸ್, ಅವರಿಗೆ ಆಗಲ್ಲ. ನಾನು ಹಿಡೀತೀನಿ," ಅಂದೆ.

"ನೀವು ಬೆಳಕು ಅಲ್ಲಾಡಿಸಬೇಡಿ," ಅಂದರು ಮಿಸ್ಸು.

ಇವರು ಎಡಗೈಯಿಂದ ಬಲಗೈಯನ್ನು ಎತ್ತಿ, ರಾಟೆಯ ಕೆಳಗೆ ತೂರಿಸಿದರು. ಮುಷ್ಟಿ ಮಡಚಿಯೇ ಇತ್ತು. ಮಿಸ್ಸು ಕಾದರು. ಬಿಡಿಸಿ ಅನ್ನಲಿಲ್ಲ, ಆಗುತ್ತೆ ಅನ್ನಲಿಲ್ಲ, ಸುತ್ತಿಗೆಯನ್ನು ತೊಡೆಗೆ ಒರಗಿಸಿಕೊಂಡು ಹಿತ್ತಲ ನುಗ್ಗೆಮರ ನೋಡುತ್ತಾ ನಿಂತರು. ನನಗೆ ಅವರ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಇವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸೋಣ ಅಂದರೆ ಕೈಯಲ್ಲಿ ಟಾರ್ಚು. ಹೆಬ್ಬೆರಳು ಮೊದಲು ಬಿಟ್ಟಿತು. ಆಮೇಲೆ ಉಳಿದವು ಒಂದೊಂದಾಗಿ ರಾಟೆಯ ಹೊಟ್ಟೆಗೆ ಅಂಟಿಕೊಂಡವು.

"ಹೂಂ," ಅಂದರು ಇವರು.

ಮಿಸ್ಸು ದಂಡಕ್ಕೆ ಮೆಲ್ಲಗೆ ಬಡಿದರು. ಅದು ಸ್ವಲ್ಪ ಸರಿಯಿತು. ಮತ್ತೆ ಬಡಿದರು, ಮತ್ತೆ ಸರಿಯಿತು. ಒಂದು ಕಡೆ ಪೂರ್ತಿ ಈಚೆ ಬಂದಾಗ ರಾಟೆಯ ಭಾರವೆಲ್ಲ ಆ ಕೈಗೆ ಬಿತ್ತು. ಕೈ ಇಳಿಯಿತು, ನಿಂತಿತು. ಮಿಸ್ಸು ತೋಳಿನಿಂದ ಹೊಸ ಬೆಲ್ಟು ತೆಗೆದು, ರಾಟೆಯ ಮೇಲೆ ತೊಡಿಸಿ, ದಂಡವನ್ನು ವಾಪಸ್ ತೂರಿಸತೊಡಗಿದರು. ಅವರ ಕೈ ಒಂದು ಕಡೆ, ನನ್ನ ಗಂಡನ ಕೈ ಇನ್ನೊಂದು ಕಡೆ, ನಡುವೆ ರಾಟೆ. ನಾನು ಆ ಎರಡು ಕೈಗಳಿಗೆ ಬೆಳಕು ಹಿಡಿದುಕೊಂಡು ನಿಂತಿದ್ದೆ. ಅಷ್ಟು ದಿನ ಆ ಬೆರಳುಗಳಿಗೆ ಎಣ್ಣೆ ತಿಕ್ಕಿದವಳು ನಾನು. ಬಿಚ್ಚಿಕೊಂಡದ್ದು ಬೇರೆಯವರು ಕರೆದಾಗ.

ದಂಡ ಕೂತ ಮೇಲೆ ತಿರುಪು ಬಿಗಿಮಾಡುವ ಕೀಲಿ ಇವರ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನಾನು ಬಗ್ಗಿದೆ. "ಬಿಡಿ, ಅವರೇ ತಗೋತಾರೆ," ಅಂದರು ಮಿಸ್ಸು. ಇವರೇ ತೆಗೆದುಕೊಂಡರು. ಮಿಸ್ಸು ಮೋಟರಿನ ಬುಡ ಸರಿಸಿ, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಎಷ್ಟು ಬಗ್ಗುತ್ತದೆ ನೋಡಿ ಬಿಗಿ ಮಾಡಿದರು. ಸ್ವಿಚ್ ಹಾಕಿದಾಗ ಸದ್ದೇ ಇಲ್ಲ, ತಿರುಗುವ ಗಾಳಿ ಮಾತ್ರ. ಇವರು ತಮ್ಮ ಅಂಗೈ ನೋಡಿಕೊಳ್ಳುತ್ತಾ ನಿಂತಿದ್ದರು. ಗ್ರೀಸಿನ ಕಪ್ಪು ಹತ್ತಿತ್ತು. ಊಟಕ್ಕೆ ಬಂದಾಗ ಆ ಕೈ ತೊಳೆಸಿಕೊಳ್ಳಲು ಒಪ್ಪಲಿಲ್ಲ. ತಾವೇ ತೊಳೆದುಕೊಂಡರು, ತುಂಬಾ ಹೊತ್ತು.

ಸಂತೋಷ ಆಗಲಿಲ್ಲವಾ ಅಂತ ಕೇಳಬೇಡಿ. ಆಯಿತು. ಅಡುಗೆಮನೆಗೆ ಹೋಗಿ ಅತ್ತೆ. ಆದರೆ ಒಂದು ಪಾಲು ಸಂತೋಷಕ್ಕೆ ಎರಡು ಪಾಲು ಉರಿ ಬೆರೆತಿತ್ತು.

ಮಿಸ್ಸು ಮಾಡಿದ ಹಾಗೇ ನಾನೂ ಮಾಡಿ ನೋಡೋಣ ಅಂತ ಮರುದಿನ ಬೆಳಗ್ಗೆ ಶರ್ಟಿನ ಗುಂಡಿ ಹಾಕಲಿಲ್ಲ. ಶರ್ಟು ಕೊಟ್ಟು, ಕಿಟಕಿಯ ಆಚೆ ನೋಡುತ್ತಾ ನಿಂತೆ. ಅವರು ಒಂದು ಗುಂಡಿಯ ಜೊತೆ ಸ್ವಲ್ಪ ಹೊತ್ತು ಒದ್ದಾಡಿದರು.

"ಯಾಕೆ, ಕೋಪವಾ?" ಅಂದರು.

"ಇಲ್ಲ. ನೀವೇ ಹಾಕ್ಕೊಳ್ಳಿ ಅಂತ."

"ಬೇಜಾರಾಯ್ತಾ ನನ್ನ ಚಾಕರಿ ಮಾಡಿ?"

ಹತ್ತಿರ ಹೋಗಿ ಗುಂಡಿ ಹಾಕಿದೆ. ಮಿಸ್ಸು ಸುಮ್ಮನೆ ನಿಂತರೆ ಅದು ನಂಬಿಕೆ, ಹೆಂಡತಿ ಸುಮ್ಮನೆ ನಿಂತರೆ ಅದು ಕೋಪ. ಇದಕ್ಕೆ ನಾನು ಯಾರ ಹತ್ತಿರ ನ್ಯಾಯ ಕೇಳಲಿ?

ಬೀದಿಯವರು ಸುಮ್ಮನಿರುತ್ತಾರಾ. ಎದುರು ಮನೆಯಾಕೆ ಒಂದು ಸಂಜೆ ಹೂ ಕಟ್ಟುತ್ತಾ ನನ್ನ ಹತ್ತಿರ, "ದಿನಾ ಹೋಗ್ತಾರಲ್ಲ, ನೀವೇನೂ ಅನ್ನಲ್ವಾ? ಆಯಮ್ಮಂಗೂ ಗಂಡು ದಿಕ್ಕಿಲ್ಲ," ಅಂದಳು. ಅವಳ ಮೇಲೆ ಎಗರಿಬಿದ್ದೆ. ಮಿಸ್ಸು ಎಂಥವರು, ಯಾರ ಮನೆಯ ಮಕ್ಕಳಿಗೆಲ್ಲ ಮನೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿದ್ದಾರೆ, ಅವಳ ಮಗ ಯಾರಿಂದ ಎಸೆಸೆಲ್ಸಿ ದಾಟಿದ, ಎಲ್ಲ ಹೇಳಿ ಅವಳ ಬಾಯಿ ಮುಚ್ಚಿಸಿದೆ. ಮನೆಗೆ ಬಂದ ಮೇಲೆ ನನಗೇ ಆಶ್ಚರ್ಯ. ನನ್ನ ಕಿಚ್ಚು ನನ್ನದು. ಅದನ್ನು ಬೀದಿಯ ಜೊತೆ ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಹೀಗೆ ಕೆಲವು ವರ್ಷ ಹೋದವು. ಇವರ ಕೈ ಪೂರ್ತಿ ಮೊದಲಿನ ಹಾಗಾಗಲಿಲ್ಲ, ಆದರೆ ಬಟ್ಟಲು ಹಿಡಿಯಿತು, ಸಹಿ ಹಾಕಿತು, ಉಳಿಯನ್ನೂ ಹಿಡಿಯಿತು. ಮಿಸ್ಸು ಮಾತ್ರ ಇಳಿಯುತ್ತಾ ಬಂದರು. ಶರ್ಟು ದೊಗಲೆಯಾಯಿತು. ಹೊಟ್ಟೆನೋವು ಅಂತ ಒಮ್ಮೆ ಅಂದಿದ್ದರು, ಆಮೇಲೆ ಹಾಸನದಲ್ಲಿ ತೋರಿಸಿದಾಗ ಗಡ್ಡೆ ಅಂದರು. ಇನ್ನು ಕೊಯ್ಯುವುದಕ್ಕೂ ತಡವಾಗಿದೆ ಅಂದ ಮೇಲೆ ನಮ್ಮೂರಿನ ಒಂದು ನರ್ಸಿಂಗ್ ಹೋಮಿಗೇ ಬಂದು ಸೇರಿಕೊಂಡರು. ರೂಮು ಮಹಡಿಯ ಮೇಲೆ. ನಮ್ಮನೆಯವರು ಒಂದು ಸಲ ಹೇಗೋ ಮೆಟ್ಟಿಲು ಹತ್ತಿ ಹೋದರು. ಹೋಗಿ, ಮಂಚದ ಪಕ್ಕ ಕೂತು ಅತ್ತುಬಿಟ್ಟರು. ಅವರು ಕೆಳಗಿಳಿದ ಮೇಲೆ ಮಿಸ್ಸು ನನಗೆ ಹೇಳಿದರು, "ಇನ್ನು ಅವರನ್ನ ಕರ್ಕೊಂಡು ಬರಬೇಡಿ. ಅವರನ್ನ ಸಮಾಧಾನ ಮಾಡೋ ಶಕ್ತಿ ಇಲ್ಲ ನನಗೆ. ನೀವು ಬನ್ನಿ. ನೀವು ಅಳಲ್ಲ."

ಹಾಗೆ ನನ್ನ ಸರದಿ ಬಂತು. ಮಧ್ಯಾಹ್ನ ಇವರಿಗೆ ಊಟ ಬಡಿಸಿ, ಗಂಜಿಯ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಮೊದಲ ದಿನಗಳಲ್ಲಿ ಇಬ್ಬರಿಗೂ ಮಾತಿರಲಿಲ್ಲ. ಅಷ್ಟು ವರ್ಷ ಒಂದೇ ಗೋಡೆ ಹಂಚಿಕೊಂಡಿದ್ದರೂ ಇವರ ವಿಷಯ ಬಿಟ್ಟರೆ ನಮ್ಮ ಮಧ್ಯೆ ಬೇರೆ ವಿಷಯವೇ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಒಂದು ದಿನ ಅವರೇ, "ನಿಮಗೆ ನನ್ನ ಮೇಲೆ ಕೋಪ ಇತ್ತು," ಅಂದರು.

"ಇತ್ತು," ಅಂದೆ. "ಈಗಲೂ ಐತೆ."

ಅವರು ನಕ್ಕರು. ನಕ್ಕರೆ ನೋವಾಗುತ್ತಿತ್ತು, ಆದರೂ ನಕ್ಕರು. "ಎಲ್ಲಿ ಅಂತ ಹೇಳಿ," ಅಂದರು.

ಹೇಳಿದೆ. ಬೇಲೂರು ಬಸ್ಸಿನಿಂದ ಹಿಡಿದು ಟಾರ್ಚಿನವರೆಗೆ. ಅವರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, "ನಿಮ್ಮನ್ನ ಯಾವತ್ತೂ ಒಳಗೆ ಕರೀಲಿಲ್ಲ ಅಲ್ವಾ ನಾನು. ಕಾಫಿ ಲೋಟ ಇಟ್ಟು ಹೋಗೋರು, ಕೆಲಸ ಇರುತ್ತೆ ಅಂದುಕೊಂಡೆ," ಅಂದರು. ಆಮೇಲೆ, "ಆ ಚಮಚ ತಗೊಳ್ಳಿ," ಅಂದರು.

ಗಂಜಿಯ ಚಮಚವನ್ನು ಉಳಿಯ ಹಾಗೆ ಹಿಡಿಯಲು ಹೇಳಿಕೊಟ್ಟರು. ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ ಅವರು ತಿರುಗಿಸಿದರು, ಅದು ಮರ. "ಅಂಚು ಮೊದಲು ತಾಗಿಸಬಾರದು. ಉಳಿಯ ಬೆನ್ನು ಮೊದಲು ಮರದ ಮೇಲೆ ಕೂರಲಿ. ಆಮೇಲೆ ಹಿಡಿಯನ್ನ ನಿಧಾನಕ್ಕೆ ಎತ್ತಿ. ಎತ್ತಿದ ಹಾಗೆ ಅಂಚು ತಾನಾಗಿ ಕಚ್ಚುತ್ತೆ. ಇದನ್ನ ಸಾಹುಕಾರ್ರಿಗೆ ಹೇಳಿಕೊಟ್ಟಿಲ್ಲ. ಅವರಿಗೆ ಉಳಿ ಚಪ್ಪಟೆ ಇಟ್ಟು ಕೆರೆಯೋದು ಅಷ್ಟೇ ಹೇಳಿಕೊಟ್ಟಿದ್ದು. ಅವರ ಕೈಗೆ ಇದು ಆಗಲ್ಲ. ನಿಮ್ಮ ಕೈಗೆ ಆಗುತ್ತೆ."

ನಿಮ್ಮ ಕೈಗೆ ಆಗುತ್ತೆ. ಲಟ್ಟಣಿಗೆ ಹಿಡಿದ ಕೈ, ಗುಂಡಿ ಹಾಕಿದ ಕೈ. ಅದರ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಅವತ್ತು ಮನೆಗೆ ಬಂದಾಗ, "ಏನಂದ್ರು ಮಿಸ್ಸು?" ಅಂತ ಇವರು ಕೇಳಿದರು. "ಗಂಜಿ ಕುಡಿದ್ರು," ಅಂದೆ. ಮರುದಿನವೂ ಅಷ್ಟೇ ಹೇಳಿದೆ. ನನಗೂ ಅಂತ ಒಂದು ಮಧ್ಯಾಹ್ನ ಸಿಕ್ಕಿತ್ತು. ಅದನ್ನು ಊಟದ ಮಣೆಯ ಮುಂದೆ ಹರಡುವ ಮನಸ್ಸಾಗಲಿಲ್ಲ.

ಆ ಮಧ್ಯಾಹ್ನಗಳು ಬೇಗ ಮುಗಿದವು. ಕೊನೆಕೊನೆಗೆ ಲೋಟ ತಿರುಗಿಸಲೂ ಆಗದೆ ನಾನೇ ಎಡಗೈಯಲ್ಲಿ ತಿರುಗಿಸಿಕೊಂಡು ಬಲಗೈಯಲ್ಲಿ ಚಮಚ ಹಿಡಿಯುತ್ತಿದ್ದೆ. ಅವರು ನೋಡುತ್ತಿದ್ದರು. ತಪ್ಪಾದರೆ ಹುಬ್ಬು ಎತ್ತುತ್ತಿದ್ದರು, ಅಷ್ಟೇ. ಹೋಗುವ ಹಿಂದಿನ ದಿನ ಹುಬ್ಬೂ ಎತ್ತಲಿಲ್ಲ. ಸರಿಯಾಗಿತ್ತೋ, ಶಕ್ತಿ ಇರಲಿಲ್ಲವೋ ಗೊತ್ತಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ತಂಗಿಯ ಮಗ ಬಂದು, "ಆ ಲೇತ್ ನೀವೇ ಇಟ್ಕೊಳಿ, ದೊಡ್ಡಮ್ಮಂಗೆ ನೀವೇ ಮಗ ಇದ್ದಂಗೆ ಇದ್ರಿ," ಅಂತ ನಮ್ಮನೆಯವರಿಗೆ ಹೇಳಿದ. ಇವರು ಮಿಸ್ಸಿಗಿಂತ ದೊಡ್ಡವರು. ಆದರೂ ಆ ಮಾತಿಗೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, "ಬೇಡಪ್ಪ. ಅದನ್ನ ನೋಡ್ತಾ ಇರೋಕೆ ನನ್ನಿಂದ ಆಗಾಕಿಲ್ಲ. ಹಗರೆ ಕಡೆ ಯಾರೋ ಬಡಗಿ ಕೇಳ್ತಿದ್ದ, ಅವನಿಗೆ ಕೊಡು," ಅಂದರು.

"ಹಗರೆಗೆ ಬೇಡ," ಅಂದೆ ನಾನು, ಬಾಗಿಲಲ್ಲಿ ನಿಂತವಳು. "ನಾನು ಇಟ್ಕೋತೀನಿ."

ಇಬ್ಬರೂ ತಿರುಗಿ ನೋಡಿದರು. "ನೀನ್ ಇಟ್ಕಂಡು ಏನ್ ಮಾಡ್ತೀಯೇ?" ಅಂದರು ಇವರು. ನಾನು ಒಳಗೆ ಹೋಗಿ ಆ ಹುಡುಗನಿಗೆ ಉಪ್ಪಿಟ್ಟು ತಂದೆ.

ಈಗ ಲೇತು ನಮ್ಮ ಹಿತ್ತಲಲ್ಲಿ, ಮೊದಲು ಸೌದೆ ಇಡುತ್ತಿದ್ದ ಜಾಗದಲ್ಲಿ ಇದೆ. ಕೆಲವು ದಿನ ಅದರ ಹತ್ತಿರ ನಾನೂ ಹೋಗಲಿಲ್ಲ. ಕಳೆದ ವಾರ ಊಟ ಆದ ಮೇಲೆ ಸೆರಗು ಸಿಕ್ಕಿಸಿಕೊಂಡು, ಒಂದು ತೇಗದ ತುಂಡು ಕೂರಿಸಿ, ಬೆಲ್ಟು ಒತ್ತಿ ನೋಡಿ, ಸ್ವಿಚ್ ಹಾಕಿದೆ. ಉಳಿಯ ಬೆನ್ನು ಮರದ ಮೇಲೆ ಇಟ್ಟೆ. ಹಿಡಿಯನ್ನು ನಿಧಾನಕ್ಕೆ ಎತ್ತಿದೆ. ಮೊದಲು ಬರೀ ಉಜ್ಜಿತು. ಇನ್ನೂ ಸ್ವಲ್ಪ ಎತ್ತಿದೆ. ಉದ್ದಕ್ಕೆ, ತೆಳ್ಳಗೆ, ಒಂದು ಸುರುಳಿ ಎದ್ದು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

ಸದ್ದು ಕೇಳಿ ಇವರು ಬಂದು ಬಾಗಿಲಲ್ಲಿ ನಿಂತರು. ಒಂದಷ್ಟು ಹೊತ್ತು ನೋಡಿದರು.

"ಹಂಗಲ್ಲ ಕಣೇ," ಅಂದರು. "ಉಳಿ ಚಪ್ಪಟೆ ಇಟ್ಕೋಬೇಕು. ಮಿಸ್ಸು ಹೇಳಿಕೊಟ್ಟಿದ್ದು ಹಂಗೆ."

"ನನಗೆ ಹಿಂಗೆ ಹೇಳಿಕೊಟ್ಟಿದ್ದು," ಅಂದೆ.

ಸ್ವಿಚ್ ಆರಿಸಿದೆ. ಮರ ನಿಧಾನವಾಗಿ ನಿಂತಿತು.

"ಯಾವಾಗ?"

"ಬುತ್ತಿ ತಗೊಂಡು ಹೋಗ್ತಿದ್ನಲ್ಲ, ಆವಾಗ. ದಿನಾ."

ಅವರು ತೇಗದ ತುಂಡನ್ನು ನೋಡಿದರು. ನಾನು ಕಡೆದಿದ್ದ ಭಾಗದ ಮೇಲೆ ಬಲಗೈ ಬೆರಳು ಓಡಿಸಿದರು. ಅದಕ್ಕೆ ಮರಳುಕಾಗದ ಬೇಕಿರಲಿಲ್ಲ, ಅಷ್ಟು ನುಣುಪಾಗಿತ್ತು.

"ನನಗೆ ಇದನ್ನ ಹೇಳಿಕೊಡಲೇ ಇಲ್ಲ ಅವರು," ಅಂದರು.

ಆ ದನಿ ಎಂಥದ್ದು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟು ವರ್ಷ ಅದು ನನ್ನ ಗಂಟಲಲ್ಲೇ ಇತ್ತು. ಕಾಲಿನಿಂದ ಸ್ಟೂಲನ್ನು ಅವರ ಕಡೆ ತಳ್ಳಿದೆ. ಅವರು ಕೂರಲಿಲ್ಲ. ಹೋಗಲೂ ಇಲ್ಲ. ನಾನು ಮತ್ತೆ ಸ್ವಿಚ್ ಹಾಕಿದೆ.